ತಂಗಪುಷ್ಪಂ ಕೊಯ್ದ ರೆಪ್ಪೆಯ ಚೂರು

ಬೆಳಗಿನ ಏಳೂವರೆಗೆ ಲ್ಯಾಬಿನ ಬೀಗ ತೆಗೆಯುವವಳು ತಂಗಪುಷ್ಪಂ. ಪಾಳಯಂಕೋಟೆಯ ಆ ಧರ್ಮದ ಕಣ್ಣಾಸ್ಪತ್ರೆಗೆ ಮೂವತ್ತೈದು ವರ್ಷಗಳಲ್ಲಿ ಎಷ್ಟೋ ಡಾಕ್ಟರುಗಳು ಬಂದರು, ಹೆಸರು ಮಾಡಿದರು, ಚೆನ್ನೈಗೆ ಹೋದರು. ಬೀಗದ ಕೈ ಮಾತ್ರ ಅವಳ ಸೆರಗಿನ ತುದಿಯಲ್ಲೇ ಉಳಿಯಿತು. ಒಳಗೆ ಹೋದವಳು ಮೊದಲು ನೀರಿನ ಬಾಣಲೆಯ ಸ್ವಿಚ್ ಹಾಕುತ್ತಾಳೆ. ನೀರು ಬೆಚ್ಚಗಾಗುವ ತನಕ ಕಿಟಕಿಯ ಹತ್ತಿರ ನಿಂತು ಹಾಲು ಹಾಕದ, ಕರುಪ್ಪಟ್ಟಿ ಎನ್ನುವ ತಾಳೆಬೆಲ್ಲದ ಕಾಫಿ ಕುಡಿಯುತ್ತಾಳೆ. ಆಮೇಲೆ ಚೂರು ಕೊಯ್ಯುವ ಯಂತ್ರದ ಮುಂದೆ ಕೂತು ಚಕ್ರ ತಿರುಗಿಸತೊಡಗಿದಳೆಂದರೆ ಅವಳು ಈ ಲೋಕದವಳಲ್ಲ.

ಮೇಣದಲ್ಲಿ ಹುದುಗಿಸಿಟ್ಟ ಚೂರು, ಯಾರದೋ ರೆಪ್ಪೆಯದು, ಯಾರದೋ ಕಣ್ಣಿನ ಬಿಳಿಯದು, ಅಲಗಿನ ಮುಂದೆ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಹೋಗುತ್ತದೆ. ಒಂದೊಂದು ಸುತ್ತಿಗೆ ಒಂದೊಂದು ಎಸಳು. ಎಸಳಿಗೆ ಎಸಳು ಅಂಟಿಕೊಂಡು ಉದ್ದನೆಯ ಪಟ್ಟಿಯಾಗಿ ಇಳಿಯುತ್ತದೆ. ಅದನ್ನು ಕುಂಚದ ತುದಿಯಲ್ಲಿ ಎತ್ತಿ ನೀರಿನ ಮೇಲೆ ಬಿಟ್ಟರೆ ಸುಕ್ಕುಗಳನ್ನೆಲ್ಲ ಬಿಡಿಸಿಕೊಂಡು, ಮೈ ಚಾಚಿ ತೇಲುತ್ತದೆ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು. ಅದಕ್ಕೇ ಪುಷ್ಪಂ ಉಸಿರನ್ನೂ ನಿಧಾನಕ್ಕೆ ಬಿಡುವ ಅಭ್ಯಾಸ ಮಾಡಿಕೊಂಡಿದ್ದಳು. ನೆಲ ಒರೆಸಲು ಬರುವವರು ಬಾಗಿಲಲ್ಲಿ ನಿಂತು, "ಪುಷ್ಪಂ ಅಕ್ಕಾ, ಇದೀರಾ? ಇಲ್ಲಾ ಹೊರಟ್ಹೋದ್ರಾ?" ಎಂದು ಗೇಲಿ ಮಾಡುತ್ತಿದ್ದರು. ಅವಳು ತಲೆ ಎತ್ತುತ್ತಿರಲಿಲ್ಲ.

ಬಣ್ಣ ಹಾಕಿದ ಸ್ಲೈಡನ್ನು ಓದುವುದು ಡಾಕ್ಟರ ಕೆಲಸ. ಆದರೆ ಅವರಿಗಿಂತ ಮೊದಲು ಒಮ್ಮೆ ಮೈಕ್ರೋಸ್ಕೋಪಿನಲ್ಲಿ ಇಣುಕಿ ನೋಡಲು ಯಾರಪ್ಪನ ಅಪ್ಪಣೆಯೂ ಬೇಕಾಗಿರಲಿಲ್ಲ. ಅವಳು ನೋಡುತ್ತಿದ್ದಳು. ಗುಲಾಬಿ ಬಣ್ಣದ ಬಯಲು, ನಡುನಡುವೆ ನೇರಳೆ ಬಣ್ಣದ ತೋಪುಗಳು. ಬೆವರಿನ ಗ್ರಂಥಿಗಳು ಆಳದಲ್ಲಿ ಸುರುಳಿ ಸುತ್ತಿಕೊಂಡು ಮಲಗಿರುತ್ತಿದ್ದವು. ಎಣ್ಣೆಯ ಗ್ರಂಥಿಗಳು ಕುದಿಯುವ ಪದನೀರಿನ, ಅಂದರೆ ತಾಳೆಯ ಸಿಹಿರಸದ, ನೊರೆಯ ಹಾಗೆ ಗುಳ್ಳೆಗುಳ್ಳೆಯಾಗಿ ಉಕ್ಕಿರುತ್ತಿದ್ದವು. ನೋಡುತ್ತ ನೋಡುತ್ತ ಆ ತೋಪುಗಳ ನಡುವೆ ಅವಳು ನಡೆದುಹೋಗುತ್ತಿದ್ದಳು. ಸಂಜೆ ಗಂಡನಿಗೆ ಹೇಳುತ್ತಿದ್ದಳು: "ಚರ್ಮದ ಕೆಳಗೆ ಎಷ್ಟೊಂದು ಊರುಗಳಿವೆ ಗೊತ್ತಾ ನಿಮಗೆ?"

"ಇರ್ಲಿ ಬಿಡೇ. ಅಲ್ಲಿಗೆ ಬಸ್ ಹೋಗಲ್ವಲ್ಲ, ನನಗ್ಯಾಕೆ," ಎನ್ನುತ್ತಿದ್ದ ಆಸೀರ್. ಅವನು ಟೌನ್ ಬಸ್ಸಿನ ಡ್ರೈವರ್.

ಆ ಪದನೀರಿನ ನೊರೆ ಅವಳಿಗೆ ಎಲ್ಲಿಂದಲೋ ತಂದ ಹೋಲಿಕೆಯಲ್ಲ. ಉಡನ್‌ಗುಡಿಯ ಆಚೆ, ಕೆಂಪು ಮರಳಿನ ತೇರಿಕಾಡಿನಲ್ಲಿ ಅವಳ ಅಪ್ಪ ತಾಳೆಮರ ಹತ್ತುತ್ತಿದ್ದ. ಹೂಗೊನೆಯ ತುದಿಯನ್ನು ದಿನಕ್ಕೆರಡು ಸಲ ಕತ್ತಿಯಲ್ಲಿ ಸವರಬೇಕು. ದಪ್ಪ ಸವರಿದರೆ ಗೊನೆ ಬೇಗ ಮುಗಿದುಹೋಗುತ್ತದೆ, ಸವರದೆ ಬಿಟ್ಟರೆ ರಸ ಕಟ್ಟಿಕೊಳ್ಳುತ್ತದೆ. ಅಪ್ಪ ಸವರಿದ ಬಿಲ್ಲೆಗಳು ಮರದ ಬುಡದಲ್ಲಿ ಬಿದ್ದಿರುತ್ತಿದ್ದವು. ಪುಟ್ಟ ಪುಷ್ಪಂ ಅವನ್ನು ಹೆಕ್ಕಿ ಬಿಸಿಲಿಗೆ ಹಿಡಿದು ಆಚೆಯ ಆಕಾಶ ನೋಡುತ್ತಿದ್ದಳು. ಕೆಳಗೆ ಅಮ್ಮ ದೊಡ್ಡ ಪಾತ್ರೆಯಲ್ಲಿ ಪದನೀರು ಕುದಿಸಿ ಕರುಪ್ಪಟ್ಟಿ ಮಾಡುತ್ತಿದ್ದಳು. ಹತ್ತನೇ ತರಗತಿ ಮುಗಿಸಿ ಮೂರು ವರ್ಷಕ್ಕೆ, ಚರ್ಚಿನ ಪಾದ್ರಿಯ ಚೀಟಿ ಹಿಡಿದುಕೊಂಡು ಪುಷ್ಪಂ ಬಾಟಲಿ ತೊಳೆಯುವ ಕೆಲಸಕ್ಕೆ ಈ ಆಸ್ಪತ್ರೆಗೆ ಬಂದಳು. ಲ್ಯಾಬಿನ ಆಗಿನ ಡಾಕ್ಟರ್ ಅಯ್ಯಾದುರೈ ಒಂದು ದಿನ ಅಲಗನ್ನು ಕಲ್ಲಿಗೆ ಮಸೆಯಲು ಕೊಟ್ಟರು. ಹುಡುಗಿ ಮಸೆದ ರೀತಿ ನೋಡಿ, "ಬಾಟ್ಲಿ ಇಡಮ್ಮಾ ಕೆಳಗೆ, ಇಲ್ಲಿ ಬಂದು ಕೂತ್ಕೋ," ಎಂದರು. ಕೂತವಳು ಎದ್ದಿಲ್ಲ.

ಮದುವೆಯಾಯಿತು. ಮಕ್ಕಳಾಗಲಿಲ್ಲ. ಹತ್ತು ವರ್ಷ ಅತ್ತು, ಆಮೇಲೆ ಇಬ್ಬರೂ ಅಳುವುದನ್ನು ಬಿಟ್ಟರು. ಐವತ್ನಾಲ್ಕರ ವಯಸ್ಸಿಗೆ ಪುಷ್ಪಂ ಕೈಗೆ ಸಾಟಿಯಾದ ಕೈ ಜಿಲ್ಲೆಯಲ್ಲೇ ಇಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅವಳೂ ಒಪ್ಪಿಕೊಂಡಿದ್ದಳು.

ಗಂಟು ಕಾಣಿಸಿಕೊಂಡದ್ದು ಒಂದು ಕ್ರಿಸ್‌ಮಸ್ ಮುಗಿದ ವಾರ. ಎಡಗಣ್ಣಿನ ಮೇಲುರೆಪ್ಪೆಯಲ್ಲಿ ಜೋಳದ ಕಾಳಿನಷ್ಟು. ನೋವಿಲ್ಲ, ಕೆಂಪಿಲ್ಲ.

"ಯಾರನ್ನೇ ಕದ್ದು ನೋಡಿದೆ, ಹೇಳೇ," ಎಂದ ಆಸೀರ್. ಆ ಊರಲ್ಲಿ ಕಣ್ಣಿಗೆ ಕುರು ಬಂದವರನ್ನು ಯಾರಾದರೂ ಹೀಗೆ ಕೇಳದೆ ಬಿಡುವುದಿಲ್ಲ.

"ನಿಮ್ಮನ್ನ ನೋಡ್ಬಾರ್ದು ಅಂತ ಬಂದಿರ್ಬೇಕು."

ಇಂಥ ಕುರುವಿಗೆ ನಾಮದ ಬಿಳಿಮಣ್ಣು ತೇಯ್ದು ಹಚ್ಚಬೇಕು. ಕ್ರೈಸ್ತರ ಮನೆಯಲ್ಲಿ ನಾಮದ ಮಣ್ಣು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಅಯ್ಯಂಗಾರ್ ಮಾಮಿ ಗೋಡೆಯ ಮೇಲಿಂದ ಒಂದು ತುಂಡು ಕೊಟ್ಟರು. ಪುಷ್ಪಂ ಒಂದು ತಿಂಗಳು ಹಚ್ಚಿದಳು, ಬಿಸಿ ಬಟ್ಟೆ ಒತ್ತಿದಳು. ಗಂಟು ಕದಲಲಿಲ್ಲ. ಕೊನೆಗೆ ಮಹಡಿ ಹತ್ತಿ ಡಾಕ್ಟರ್ ಉಲಗನಾಥನ್ ಹತ್ತಿರ ಹೋದಳು. ಅವರು ರೆಪ್ಪೆ ಮಗುಚಿ, ಒಳಗಿಂದ ಕೊಯ್ದು, ಸಣ್ಣ ಚಮಚದಲ್ಲಿ ಕೆರೆದು, ಬಂದದ್ದನ್ನು ಬಟ್ಟೆಗೆ ಒರೆಸಿ ಕಸದ ಬುಟ್ಟಿಗೆ ಹಾಕಿದರು. ಐದು ನಿಮಿಷದ ಕೆಲಸ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಯ ಬಾಯಿ ಕಟ್ಟಿಕೊಂಡರೆ ಗಂಟಾಗುತ್ತದೆ, ದಿನಕ್ಕೆ ಹತ್ತು ಹದಿನೈದು ಜನ ಬರುತ್ತಾರೆ. ನಾಲ್ಕು ತಿಂಗಳಿಗೆ ಗಂಟು ಮತ್ತೆ ಬಂತು. ಮತ್ತೆ ಕೆರೆದರು, ಮತ್ತೆ ಬುಟ್ಟಿಗೆ ಹಾಕಿದರು.

ಆಗಸ್ಟಿನ ಒಂದು ಬೆಳಗ್ಗೆ ತಲೆ ಬಾಚಿಕೊಳ್ಳುವಾಗ ಪುಷ್ಪಂ ಕನ್ನಡಿಯ ಹತ್ತಿರಕ್ಕೆ ಸರಿದಳು. ಗಂಟಿದ್ದ ಜಾಗದಲ್ಲಿ ನಾಲ್ಕು ರೆಪ್ಪೆಗೂದಲು ಇರಲಿಲ್ಲ. ಗಂಟು ಮೂರನೆಯ ಸಲ ತಲೆ ಎತ್ತಿತ್ತು. ಬಾಚಣಿಗೆ ಕೈಯಲ್ಲೇ ಉಳಿಯಿತು.

ಅಯ್ಯಾದುರೈ ಸತ್ತು ಎಂಟು ವರ್ಷವಾಗಿತ್ತು. ಆದರೆ ಅವರ ಮಾತು ಆ ಕನ್ನಡಿಯೊಳಗಿಂದ ಕೇಳಿದಂತಾಯಿತು. ಚರ್ಮದ ಗ್ರಂಥಿಗಳ ಗಡ್ಡೆ ಅಪರೂಪಕ್ಕೆ ಬರುತ್ತದೆ ಪುಷ್ಪಂ, ಬಂದರೂ ಸ್ವಂತ ಮುಖದಲ್ಲಿ ಬರೋದಿಲ್ಲ, ಎನ್ನುತ್ತಿದ್ದರು ಅವರು. ಬೆವರುಗ್ರಂಥಿಯ ನಿರುಪದ್ರವಿ ಗಂಟು ಕ್ಯಾನ್ಸರಿನ ಹಾಗೆ ಕಂಡು ಎಲ್ಲರನ್ನೂ ಹೆದರಿಸುತ್ತದೆ. ಆಳಕ್ಕೆ ಬೇರು ಬಿಡುವ ಕ್ಯಾನ್ಸರು ಮೇಲುಪದರದಲ್ಲಿ ಸಾಧು ಮೊಡವೆಯಂತೆ ಕೂತಿರುತ್ತದೆ. ಮೇಲಿಂದ ಮೇಲೆ ಚಿವುಟಿ ನೋಡಿದವನು ಮೋಸ ಹೋಗುತ್ತಾನೆ. ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರಂತೂ ಇದೇ ರೆಪ್ಪೆಯ ಗಂಟಿನ ವೇಷ ಹಾಕಿಕೊಂಡು ಬರುತ್ತದೆ. ಗಂಟು ಮತ್ತೆ ಮತ್ತೆ ಬಂದರೆ, ಕೂದಲು ಉದುರಿದರೆ ನಂಬಬೇಡ, ಎಂದಿದ್ದರು. ಮೂವತ್ತೈದು ವರ್ಷಗಳಲ್ಲಿ ಪುಷ್ಪಂ ಅಂಥದ್ದನ್ನು ಕೊಯ್ದದ್ದು ಮೂರೋ ನಾಲ್ಕೋ ಸಲ.

ಅಂದೇ ಮಹಡಿ ಹತ್ತಿದಳು. ಥಿಯೇಟರಿನ ಮೇಜಿನ ಮೇಲೆ ಮಲಗಿಕೊಂಡೇ ಹೇಳಿದಳು: "ಸಾರ್, ಈ ಸಲ ಬಿಸಾಡ್ಬೇಡಿ. ಒಂದು ಚೂರು ಕತ್ತರಿಸಿ ಕೆಳಗೆ ಕಳಿಸಿ."

ಉಲಗನಾಥನ್ ನಕ್ಕರು. "ಏನ್ ಪುಷ್ಪಂ, ನೀವೇ ಹಿಂಗಂದ್ರೆ ಹೆಂಗೆ? ರೆಪ್ಪೆಗಂಟು ಕಳಿಸ್ಬೇಡಿ ಅಂದಿದ್ದೇ ನೀವಲ್ವಾ? ನಾನು ಕೆಲಸಕ್ಕೆ ಸೇರಿದ ದಿನವೇ ನರ್ಸಮ್ಮ ಹೇಳಿದ್ರು, ಇದನ್ನೆಲ್ಲ ಕಳಿಸಿದ್ರೆ ಕೆಳಗಿನ ಪುಷ್ಪಂ ಅಕ್ಕ ಜಗಳಕ್ಕೆ ಬರ್ತಾರೆ ಅಂತ."

ಪುಷ್ಪಂಗೆ ಅದು ಮರೆತೇಹೋಗಿತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ಆಗ ರೆಪ್ಪೆಗಂಟಿನ ಕೆರೆತವೆಲ್ಲ ಲ್ಯಾಬಿಗೆ ಬರುತ್ತಿತ್ತು, ದಿನಕ್ಕೆ ಹದಿನೈದು. ಕೀವು, ಕೊಬ್ಬು, ರಕ್ತ ಕಲಸಿದ ಪುಡಿ. ಮೇಣದಲ್ಲಿ ನಿಲ್ಲುವುದಿಲ್ಲ, ಅಲಗಿಗೆ ಬಂದರೆ ಉದುರುತ್ತದೆ, ಪಟ್ಟಿ ಹರಿಯುತ್ತದೆ. ಅವಳಿಗೆ ಇಷ್ಟವಾದ ತೋಪು, ಬಯಲು ಯಾವುದೂ ಅದರಲ್ಲಿ ಇರುತ್ತಿರಲಿಲ್ಲ. ರಿಪೋರ್ಟು ನೋಡಿದರೆ ಎಲ್ಲಕ್ಕೂ ಒಂದೇ. ಒಂದು ಮಧ್ಯಾಹ್ನ ರೇಗಿ ಮಹಡಿ ಹತ್ತಿ, ಕಾಫಿ ಕುಡಿಯುತ್ತ ಕೂತಿದ್ದ ಡಾಕ್ಟರುಗಳಿಗೂ ನರ್ಸುಗಳಿಗೂ ಕೈ ಮುಗಿದಿದ್ದಳು: "ದಮ್ಮಯ್ಯ, ಆ ಕಸ ನಮಗೆ ಕಳಿಸ್ಬೇಡಿ. ನಮಗೂ ಪ್ರಾಣ ಇದೆ." ಎಲ್ಲರೂ ನಕ್ಕಿದ್ದರು. ಅಯ್ಯಾದುರೈ ಆಗ ಕಾಯಿಲೆಯಿಂದ ರಜೆಯಲ್ಲಿದ್ದರು. ಯಾರೂ ಏನನ್ನೂ ಬರೆದಿಡಲಿಲ್ಲ, ಸಹಿ ಹಾಕಲಿಲ್ಲ. ಬಾಯಿಂದ ಬಾಯಿಗೆ ಅದೇ ಆಸ್ಪತ್ರೆಯ ಪದ್ಧತಿಯಾಯಿತು. ಒಳ್ಳೆಯ ಕೈಯವಳ ಮಾತಿಗೆ ಅಷ್ಟು ಬೆಲೆ ಇತ್ತು.

ಚೂರು ಕೆಳಗೆ ಬಂದದ್ದು ಹೆಸರುಕಾಳಿನಷ್ಟು. ಲ್ಯಾಬಿನಲ್ಲಿ ಚೂರುಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಇದು ಎರಡು ಸಾವಿರದ ಇನ್ನೂರ ಹದಿನೇಳು. ಕಣ್ಣು ಬಿಡಲು ಅಡ್ಡಿಯಾಗದಂತೆ ರೆಪ್ಪೆಗೆ ಅಂಟಿಸಿದ್ದ ಸಣ್ಣ ಪಟ್ಟಿ ಮರೆಯಾಗುವಷ್ಟು ಸೆರಗು ಎಳೆದುಕೊಂಡು, ಪುಷ್ಪಂ ಅದನ್ನು ಅಂಗೈ ಅಗಲದ ಬಿಳಿ ಹಲಗೆಯ ಮೇಲಿಟ್ಟಳು. ಚಿಕ್ಕ ಚೂರನ್ನು ಇಡಿಯಾಗಿ ಮೇಣಕ್ಕೆ ಕಳಿಸಬೇಕು, ಅದು ನಿಯಮ. ಆದರೆ ಮೇಣಕ್ಕೆ ಮುಂಚೆ ಸ್ಪಿರಿಟ್ಟು, ಕ್ಸೈಲೀನು ಎಲ್ಲ ಕುಡಿಸಬೇಕಲ್ಲ, ಅವು ಕೊಬ್ಬನ್ನು ತೊಳೆದುಬಿಡುತ್ತವೆ. ಎಣ್ಣೆ ಇದ್ದ ಜಾಗದಲ್ಲಿ ತೂತು ಉಳಿಯುತ್ತದೆ. ತೂತನ್ನು ನೋಡಿ ಒಳಗೆ ಏನಿತ್ತು ಎಂದು ಯಾರು ಹೇಳಬೇಕು? ಪುಷ್ಪಂ ಬ್ಲೇಡು ತೆಗೆದುಕೊಂಡು ಚೂರನ್ನು ಎರಡು ಮಾಡಿದಳು. ಅರ್ಧ ಮೇಣಕ್ಕೆ. ಅರ್ಧವನ್ನು ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಗೆ ಹಾಕಿ, ಬಾಟಲಿಯನ್ನು ತನ್ನ ಡ್ರಾಯರಿನಲ್ಲಿಟ್ಟಳು. ಅರ್ಧ ಸಾಲದೆ ಹೋದರೆ ಎರಡೂ ದಂಡ.

ಮರುದಿನ ಎಸಳುಗಳ ಪಟ್ಟಿ ನೀರಿನ ಮೇಲೆ ತೇಲಿತು. ಚೂರು ನೋಡಲು ಯಾವಾಗಿನಂತೆಯೇ ಇತ್ತು. ತಾನೇ ಅಲ್ಲಿ ಬೆಚ್ಚನೆಯ ನೀರಿನಲ್ಲಿ ಅಂಗಾತ ಮಲಗಿ ಫ್ಯಾನಿನ ಗಾಳಿಗೆ ಅತ್ತ ಇತ್ತ ತೂಗುತ್ತಿದ್ದಂತೆ, ಯಾರೋ ಮೇಲಿಂದ ಕುಂಚ ಹಿಡಿದು ತನ್ನನ್ನೇ ನೋಡುತ್ತಿದ್ದಂತೆ ಅವಳಿಗೆ ಕಂಡಿತು. ಎಷ್ಟು ಹೊತ್ತು ಕೂತಿದ್ದಳೋ. ನೀರು ತಾಗಿ ಬೆರಳು ಸುಕ್ಕಾಗಿದ್ದವು. ಆಮೇಲೆ ತನ್ನನ್ನು ಗಾಜಿನ ಮೇಲೆ ಎತ್ತಿಕೊಂಡಳು.

ಲ್ಯಾಬಿನ ಈಗಿನ ಡಾಕ್ಟರು ಶಂಕರವಡಿವು, ತಿರುನೆಲ್ವೇಲಿ ಟೌನಿನವಳು, ಮೂವತ್ತೆರಡರ ಹೆಣ್ಣುಮಗಳು. ಸ್ಲೈಡನ್ನು ಅರ್ಧ ಗಂಟೆ ನೋಡಿದಳು. ಪುಸ್ತಕ ತೆಗೆದಳು, ಮುಚ್ಚಿದಳು.

"ಪುಷ್ಪಂ ಅಕ್ಕಾ, ಈ ಹದಿನೇಳು ನನ್ನ ತಲೆ ತಿಂತಿದೆ. ಕ್ಯಾನ್ಸರ್ ಅನ್ನೋದು ನಿಜ. ಆದ್ರೆ ಯಾವುದು? ಚರ್ಮದ ಮಾಮೂಲಿ ಸಾಧು ಕ್ಯಾನ್ಸರಾದ್ರೆ ಅಷ್ಟು ಕತ್ತರಿಸಿ ಬಿಟ್ರಾಯ್ತು. ಎಣ್ಣೆಗ್ರಂಥಿದಾದ್ರೆ ಕಣ್ಣಿಗೇ ಬರುತ್ತೆ. ಇಲ್ನೋಡಿ, ಬರೀ ಖಾಲಿ ಗುಳ್ಳೆ. ಒಳಗೆ ನೀರಿತ್ತೋ ಕೊಬ್ಬಿತ್ತೋ? ನಾನು ಇಂಥದ್ದನ್ನ ಪುಸ್ತಕದಲ್ಲಿ ನೋಡಿದೀನಿ, ಕಣ್ಣಾರೆ ನೋಡಿಲ್ಲ. ಹಸಿ ಚೂರು ಉಳಿದಿದ್ರೆ ಕೊಬ್ಬಿಗೆ ಹತ್ತೋ ಕೆಂಪು ಬಣ್ಣ ಹಾಕಿ ನೋಡ್ಬಹುದಿತ್ತು."

"ಇದೆ ಡಾಕ್ಟರಮ್ಮ."

"ಇದೆಯಾ? ಯಾಕೆ ಇಟ್ರಿ?"

"ಸುಮ್ನೆ ಇಟ್ಟೆ."

ಕೊಬ್ಬು ಉಳಿಯಬೇಕಾದರೆ ಚೂರನ್ನು ಮೇಣದಲ್ಲಲ್ಲ, ಮಂಜಿನಲ್ಲಿ ಗಟ್ಟಿ ಮಾಡಿ ಕೊಯ್ಯಬೇಕು. ಅದರ ಹಳೆಯ ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದಕ್ಕೆ ಬೇಕಾದ ಗ್ಯಾಸು ಮುಗಿದು ಆರು ವರ್ಷವಾಗಿತ್ತು. ಹೊಸದು ತರಿಸಲು ಅರ್ಜಿ ಹಾಕಿದರೆ ಒಂದು ತಿಂಗಳು. ಪುಷ್ಪಂ ಗಂಡನಿಗೆ ಫೋನು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಆಸೀರ್ ಆಟೋದಲ್ಲಿ ಒಂದು ಕಪ್ಪು ಸಿಲಿಂಡರು ತಂದಿಳಿಸಿದ. ಮುರುಗನ್‌ಕುರಿಚ್ಚಿಯಲ್ಲಿ ಗೋಲಿಸೋಡಾ ಮಾಡುವ ಅಣ್ಣಾಚಿಯದು. ಸೋಡಾಕ್ಕೂ ಇದಕ್ಕೂ ಗ್ಯಾಸು ಒಂದೇ.

"ಸಂಜೆ ಒಳಗೆ ವಾಪಸ್ ಬೇಕಂತೆ. ಯಾರಿಗೇ ಇದು? ದೊಡ್ಡ ಮನುಷ್ಯರಿಗಾ?" ಎಂದ.

"ಹೂಂ. ದೊಡ್ಡ ಮನುಷ್ಯರಿಗೇ," ಎಂದಳು. ಅವನಿಗೆ ಅವಳಿನ್ನೂ ಏನನ್ನೂ ಹೇಳಿರಲಿಲ್ಲ.

ಗ್ಯಾಸು ಬುಸ್ಸೆಂದಿತು. ಬಿಳಿ ಹೊಗೆ ಮೇಜಿನ ತುಂಬ ಹರಡಿತು. ಹೊಗೆಯೊಳಗೆ ಚೂರು ಬೆಳ್ಳಗಾಗಿ ಕಲ್ಲಾಯಿತು. ಅವಳು ಅಲಗು ಎಳೆದಳು. ಮೊದಲ ಎರಡು ಪುಡಿಯಾದವು. ಮೂರನೆಯದು ಬಂತು. ಕೆಂಪು ಬಣ್ಣದಲ್ಲಿ ಕಾಲು ಗಂಟೆ ಅದ್ದಿ, ತೊಳೆದು, ಗಾಜಿಗೆ ಏರಿಸಿ, ಈ ಸಲ ತಾನು ಇಣುಕದೆ ಡಾಕ್ಟರ ಮುಂದಿಟ್ಟಳು. ಇಣುಕಲು ಧೈರ್ಯವಾಗಲಿಲ್ಲ.

ಶಂಕರವಡಿವು ಕಣ್ಣಿಟ್ಟವಳು "ಅಯ್ಯೋ" ಎಂದಳು. "ಬನ್ನಿ, ನೋಡಿ. ಒಂದೊಂದು ಗುಳ್ಳೆಯೂ ತುಂಬಿದೆ."

ಪುಷ್ಪಂ ನೋಡಿದಳು. ಖಾಲಿ ಗುಳ್ಳೆಗಳಿದ್ದ ಕಡೆಯೆಲ್ಲ ಕೆಂಪು ಹನಿಗಳು. ನೂರಾರು. ದೀಪ ಹಚ್ಚಿಟ್ಟ ಊರಿನ ಹಾಗಿತ್ತು. ಎಷ್ಟು ಚೆನ್ನಾಗಿದೆ ಎಂದು ಮೊದಲು ಅನಿಸಿತು, ಆಮೇಲೆ ಅದು ತನ್ನ ರೆಪ್ಪೆ ಎಂದು ನೆನಪಾಯಿತು.

"ಎಣ್ಣೆಗ್ರಂಥಿಯದೇ. ಅನುಮಾನವೇ ಇಲ್ಲ," ಡಾಕ್ಟರು ರಿಪೋರ್ಟಿನ ಹಾಳೆ ಎಳೆದುಕೊಂಡಳು. "ಪೇಷಂಟ್ ವಿವರ ಹೇಳಿ."

"ಹೆಂಗಸು. ಐವತ್ನಾಲ್ಕು. ಎಡಗಣ್ಣು, ಮೇಲುರೆಪ್ಪೆ."

ಬರೆಯುತ್ತಿದ್ದವಳು ನಿಲ್ಲಿಸಿ ತಲೆ ಎತ್ತಿದಳು. ಸೆರಗಿನ ಮರೆಯಲ್ಲಿದ್ದ ಪಟ್ಟಿಯನ್ನು ಆಗ ಸರಿಯಾಗಿ ನೋಡಿದಳು. ಕುರ್ಚಿಯಿಂದ ಎದ್ದು ಬಂದು ಪುಷ್ಪಂ ಕೈ ಹಿಡಿದುಕೊಂಡಳು.

ಆ ಸಂಜೆ ಆಸೀರ್‌ಗೆ ಹೇಳಿದಳು. ಅವನು ಪಕ್ಕಕ್ಕೆ ಬಂದು ಕೂತ. "ಒಂದೇ ಕಣ್ಣಾದ್ರೆ ನನ್ನ ಮುಖ ಅರ್ಧ ಕಾಣುತ್ತೆ, ನಿನಗೆ ಆರಾಮು," ಎಂದು ನಗಿಸಲು ನೋಡಿ, ತಾನೇ ಬಿಕ್ಕಿ ಬಿಕ್ಕಿ ಅತ್ತ.

ಕಣ್ಣು ಉಳಿಯುತ್ತದೋ ಇಲ್ಲವೋ ಎನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ. ಈ ಕ್ಯಾನ್ಸರಿಗೆ ಒಂದು ಕೆಟ್ಟ ಬುದ್ಧಿ ಇದೆ. ಗಂಟು ಒಂದು ಕಡೆ ಇದ್ದರೂ ಅದರ ಕಣಗಳು ಒಂಟೊಂಟಿಯಾಗಿ ರೆಪ್ಪೆಯ ಒಳಪೊರೆಯಲ್ಲಿ, ಕಣ್ಣಿನ ಬಿಳಿಯ ಮೇಲೆ ದೂರ ದೂರ ಅಲೆಯುತ್ತವೆ. ಹಾಗೆ ಅಲೆದಿದ್ದರೆ ರೆಪ್ಪೆ ಸಮೇತ ಕಣ್ಣುಗುಡ್ಡೆ ತೆಗೆಯಬೇಕು. ಇಲ್ಲದಿದ್ದರೆ ರೆಪ್ಪೆಯ ಆ ಭಾಗ ಸಾಕು. ಉಲಗನಾಥನ್ ಕಣ್ಣಿನ ಸುತ್ತ ಹದಿನಾಲ್ಕು ಕಡೆಯಿಂದ ಸಾಸಿವೆಯಷ್ಟು ಸಾಸಿವೆಯಷ್ಟು ಚೂರು ತೆಗೆದರು. ಮೊದಲಿನ ನಗು ಅವರಲ್ಲಿ ಇರಲಿಲ್ಲ.

"ಮದುರೈಗೆ ಕಳಿಸೋಣ ಅಕ್ಕಾ. ನೀವು ಮಾತ್ರ ಕೊಯ್ಬೇಡಿ," ಎಂದಳು ಶಂಕರವಡಿವು.

"ಅಷ್ಟು ಸಣ್ಣ ಚೂರು ದಾರೀಲೇ ಕಳೆದುಹೋಗುತ್ತೆ. ಇಷ್ಟು ವರ್ಷ ಊರೋರ ಕಣ್ಣೆಲ್ಲ ಕೊಯ್ದಿದೀನಿ. ನನ್ನದಕ್ಕೆ ಬೇರೆಯವರು ಯಾಕೆ?"

ಈ ಸಲ ಎಡಗಣ್ಣನ್ನು ಪೂರ್ತಿ ಮುಚ್ಚಿ ದಪ್ಪ ಪಟ್ಟಿ ಕಟ್ಟಿತ್ತು. ಒಂದೇ ಕಣ್ಣಲ್ಲಿ ಯಂತ್ರದ ಮುಂದೆ ಕೂತಳು. ಹತ್ತಿರ ಯಾವುದು, ದೂರ ಯಾವುದು ತಿಳಿಯಲಿಲ್ಲ. ಎಸಳುಗಳ ಪಟ್ಟಿ ಎತ್ತಲು ಹೋದ ಕುಂಚ ಅದರ ಈಚೆಗೇ ಗಾಳಿಯಲ್ಲಿ ಆಡಿತು. ಕಾಫಿ ಲೋಟ ಹಿಡಿಯಲು ಹೋಗಿ ಅದರ ಪಕ್ಕಕ್ಕೆ ಕೈ ಹಾಕಿದಳು. ಕಣ್ಣು ಹೋದರೆ ಕೈಯೂ ಹೋಯಿತು ಎಂದು ಆಗ ಅರ್ಥವಾಯಿತು. ಅವಳಿಗೆ ಸಾವಿನ ಭಯಕ್ಕಿಂತ ಹೆಚ್ಚಾದದ್ದು ಆ ಭಯ. ಬೆಚ್ಚನೆಯ ನೀರು, ತೇಲುವ ಎಸಳು, ತೋಪುಗಳ ನಡುವಿನ ನಡಿಗೆ ಎಲ್ಲ ಇನ್ನೊಬ್ಬರದಾಗುತ್ತದೆ. ಆದರೂ ಕುಂಚವನ್ನು ಮತ್ತೆ ಮತ್ತೆ ಚಾಚಿದಳು. ಎರಡು ದಿನ ಹಿಡಿಯಿತು. ಹದಿನಾಲ್ಕು ಸ್ಲೈಡು ಸಾಲಾಗಿ ನಿಂತವು.

ಡಾಕ್ಟರು ಓದುತ್ತಿದ್ದರೆ ಪುಷ್ಪಂ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಸರಿಯಿದ್ದದ್ದನ್ನು ಎಡಕ್ಕೆ ಇಡುವುದು ಎಂದು ಮಾತಾಗಿತ್ತು. ಎಂಟು ಸ್ಲೈಡು ಎಡಕ್ಕೆ ಹೋದವು. ಒಂಬತ್ತನೆಯದು, ಮೂಗಿನ ಕಡೆಯ ಮೂಲೆಯದು, ಹೋಗಲಿಲ್ಲ.

"ಇಲ್ಲೊಂದು ಕಣ ದೊಡ್ಡದಾಗಿದೆ. ಕೆಟ್ಟದ್ದೋ, ಸುಮ್ನೆ ಊದಿಕೊಂಡಿದೆಯೋ ಗೊತ್ತಾಗ್ತಿಲ್ಲ. ಇನ್ನೂ ಆಳಕ್ಕೆ ಬೇಕು ಅಕ್ಕಾ."

ಪುಷ್ಪಂ ಎದ್ದು ಹೋಗಿ ಕೂತಳು. ಚೂರಿನಲ್ಲಿ ಉಳಿದದ್ದೇ ಕೂದಲೆಳೆಯಷ್ಟು. ದಪ್ಪ ಕೊಯ್ದರೆ ಮುಗಿಯಿತು. ಅವಳು ಚಕ್ರ ತಿರುಗಿಸಿದಳು. ಕಣ್ಣು ಮುಚ್ಚಿಯೇ ತಿರುಗಿಸಿದಳೆಂದು ಡಾಕ್ಟರು ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು. ನಾಲ್ಕು ಎಸಳು ಬಂದವು, ಐದನೆಯದಕ್ಕೆ ಬರೀ ಮೇಣ. ಆ ನಾಲ್ಕರಲ್ಲಿ ದೊಡ್ಡ ಕಣದ ಪಕ್ಕ ಅಂಥದ್ದೇ ಇನ್ನೊಂದು ಇರಲಿಲ್ಲ. ಬರೀ ಊತ. ಒಂಬತ್ತು ಎಡಕ್ಕೆ ಹೋಯಿತು. ಉಳಿದ ಐದೂ ಹೋದವು.

"ಸ್ತೋತ್ರ," ಎಂದಳು ಪುಷ್ಪಂ, ಚರ್ಚಿನಲ್ಲಿ ಹೇಳುವ ಹಾಗೆ. ಶೈವರಾದ ಪಿಳ್ಳೈಯವರ ಮನೆಯ ಮಗಳು ಶಂಕರವಡಿವು ಕೂಡ "ಸ್ತೋತ್ರ" ಎಂದಳು.

ಕೆಟ್ಟ ಭಾಗ ಕತ್ತರಿಸಿ, ಕೆಳರೆಪ್ಪೆಯಿಂದ ಚರ್ಮ ಎಳೆದು ಮೇಲುರೆಪ್ಪೆಗೆ ಹೊಲಿದರು. ಆರು ವಾರ ಕಣ್ಣು ಹೊಲಿಗೆಯೊಳಗೆ ಮುಚ್ಚಿಯೇ ಇತ್ತು. ಒಳಗಿಂದ ಬೆಳಕು ಕೆಂಪಗೆ ಕಾಣುತ್ತಿತ್ತು. ಪುಷ್ಪಂ ಮನೆಯ ಹಿಂದಿನ ಬೇವಿನ ಮರದಡಿ ಮಂಚ ಹಾಕಿಕೊಂಡು ಆ ಕೆಂಪನ್ನು ನೋಡುತ್ತ ಮಲಗಿರುತ್ತಿದ್ದಳು. ಕೆಂಪಿನೊಳಗೆ ಅಪ್ಪನ ತೇರಿಕಾಡು ಬರುತ್ತಿತ್ತು, ಅಮ್ಮನ ಒಲೆ ಬರುತ್ತಿತ್ತು. ಆಮೇಲೆ ಯಾರೋ ಗುರುತಿಲ್ಲದ ಜನ ಸಾಲಾಗಿ ಬಂದು, ರೆಪ್ಪೆಯ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದರು. ಕನಸೋ ಎಚ್ಚರವೋ ಅವಳಿಗೆ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷ, ದಿನಕ್ಕೆ ಹದಿನೈದು.

ಒಂದು ಬೆಳಗ್ಗೆ ಎದ್ದು, ಥಿಯೇಟರಿನ ಹಳೆಯ ರಿಜಿಸ್ಟರುಗಳನ್ನೆಲ್ಲ ಮನೆಗೆ ತರಿಸಿದಳು. ಆಸೀರ್ ಗಟ್ಟಿಯಾಗಿ ಓದಿದ, ಅವಳು ಗುರುತು ಹಾಕಿದಳು. ಒಂದೇ ರೆಪ್ಪೆಯನ್ನು ಎರಡು ಸಲಕ್ಕಿಂತ ಹೆಚ್ಚು ಕೆರೆಸಿಕೊಂಡವರು ನಲವತ್ತೊಂದು ಜನ. ಅಷ್ಟೂ ಮಂದಿಗೆ ಕಾರ್ಡು ಹಾಕಿದಳು: ದಯವಿಟ್ಟು ಒಮ್ಮೆ ಬಂದು ತೋರಿಸಿಕೊಂಡು ಹೋಗಿ. ಹೆಚ್ಚಿನವರು ಬಂದರು. ಯಾರಿಗೂ ಏನೂ ಇರಲಿಲ್ಲ, ಬರೀ ಗಂಟು. ಅವಳು ಒಬ್ಬೊಬ್ಬರನ್ನೂ ಬಾಗಿಲ ತನಕ ಕಳಿಸಿಕೊಟ್ಟಳು. ಕೆಲಸಕ್ಕೆ ಮರಳಿದ ಮೇಲೆ ಮಹಡಿಯಿಂದ ಕೆರೆತದ ಪುಡಿಯೆಲ್ಲ ಮತ್ತೆ ಬರತೊಡಗಿತು. ಹರಿದ ಪಟ್ಟಿಗಳನ್ನು ಬೈಯದೆ ಜೋಡಿಸಿಕೊಂಡು ಕೂರುತ್ತಿದ್ದಳು. ಹೊಸ ರೆಪ್ಪೆ ಸ್ವಲ್ಪ ಜೋತುಬಿದ್ದಿತ್ತು, ಕೂದಲಿರಲಿಲ್ಲ. ಆದರೆ ಕಣ್ಣು ಕಾಣುತ್ತಿತ್ತು.

ಏರಲ್‌ನಿಂದ ಒಂದು ಕಾರ್ಡು ಬಂತು, ಯಾರದೋ ಕೈಯಲ್ಲಿ ಬರೆಸಿದ್ದು: "ಕಣ್ಣು ಹೋಗಿ ನಾಲ್ಕು ವರ್ಷವಾಯಿತು. ಇನ್ನೇನು ನೋಡುತ್ತೀರಿ? ಪೇಚ್ಚಿಯಮ್ಮಾಳ್."

ಕಾರ್ಡು ಮೂರು ದಿನ ಬೈಬಲ್ಲಿನೊಳಗೆ ಇತ್ತು. ನಾಲ್ಕನೆಯ ದಿನ ಪುಷ್ಪಂ ರಜೆ ಹಾಕಿ ಬಸ್ಸು ಹತ್ತಿದಳು. ಆಸೀರ್ ಬರುತ್ತೇನೆಂದ, ಬೇಡವೆಂದಳು.

ಪೇಚ್ಚಿಯಮ್ಮ ಜಗಲಿಯಲ್ಲಿ ಕೂತು ತಾಳೆಗರಿಯ ಪೆಟ್ಟಿಗೆ ಹೆಣೆಯುತ್ತಿದ್ದಳು. ಅರವತ್ತು ದಾಟಿರಬೇಕು. ಬಲಗಣ್ಣಿದ್ದ ಕಡೆ ಚರ್ಮ ಒಳಕ್ಕೆ ಇಳಿದು ಮುಚ್ಚಿಕೊಂಡಿತ್ತು.

"ಕಾರ್ಡು ಹಾಕಿದೋರು ನೀವಾ? ಬನ್ನಿ. ನಿಮಗೂ ಕೊಯ್ದಂಗಿದೆ?"

"ಹೂಂ ಅಮ್ಮ. ಅದೇ ಕಾಯಿಲೆ. ನನ್ನದು ಬೇಗ ಗೊತ್ತಾಯ್ತು."

"ಪುಣ್ಯವಂತೆ. ನನಗೆ ನಾಲ್ಕು ಸಲ ಕೆರೆದ್ರು. ಪಾಪ, ಆ ಡಾಕ್ಟರುಗಳನ್ನ ಏನಂತ ಬೈಯೋದು? ಹಗುರವಾದ ಕೈ, ಒಳ್ಳೇ ಮಾತು. ಮದುರೈಗೆ ಹೋಗೋ ಹೊತ್ತಿಗೆ ಒಳಗೆಲ್ಲ ತಿಂದ್ಹಾಕಿತ್ತು. ನನ್ನ ಹಣೇಲಿ ಹಂಗೆ ಬರೆದಿದ್ದ ಆ ದೇವರು, ಕುರುಡು ಮುಂಡೇದು."

ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡ ಮಾತೆಲ್ಲ ಪುಷ್ಪಂಗೆ ಮರೆತುಹೋಯಿತು. ನಿಂತಲ್ಲೇ ಹೇಳಿದಳು: "ಅಮ್ಮಾ, ಕೆರೆದದ್ದನ್ನ ಪರೀಕ್ಷೆಗೆ ಕಳಿಸ್ಬೇಡಿ ಅಂತ ಆ ಡಾಕ್ಟರುಗಳಿಗೆ ಹೇಳಿದೋಳು ನಾನು. ಕಳಿಸಿದ್ರೆ ಎರಡನೇ ಸಲಕ್ಕೇ ಗೊತ್ತಾಗ್ತಿತ್ತೋ ಏನೋ. ನನ್ನ ಕೆಲಸ ಹಗುರ ಆಗ್ಲಿ ಅಂತ ಹೇಳ್ಬಿಟ್ಟೆ."

ಹೆಣೆಯುತ್ತಿದ್ದ ಬೆರಳು ನಿಂತವು. ಪೇಚ್ಚಿಯಮ್ಮ ತನ್ನ ಒಂದು ಕಣ್ಣಲ್ಲಿ ಅವಳ ಎರಡು ಕಣ್ಣನ್ನೂ ಒಂದೊಂದಾಗಿ ನೋಡಿದಳು.

"ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ? ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳಿಲ್ಲ."

"ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಎದ್ದು ಆ ದೇವರನ್ನ ಬೈತಿದೀನಿ. ಅಷ್ಟೂ ದಂಡ ಆಯ್ತಲ್ಲೇ."

ಪುಷ್ಪಂ ಅಳುತ್ತಿದ್ದಳು. ಪೇಚ್ಚಿಯಮ್ಮ ಅಳಲಿಲ್ಲ.

"ಅಳು ನಿಲ್ಸು. ಇನ್ಮೇಲೆ ನಿನ್ನ ಬೈಬೇಕಲ್ಲ. ನಿನ್ನ ಹೆಸರೇನು? ಪೂರ್ತಿ ಹೇಳು."

"ತಂಗಪುಷ್ಪಂ."

ತಪ್ಪಿಹೋಗಬಾರದೆಂಬಂತೆ ಪೇಚ್ಚಿಯಮ್ಮ ಆ ಹೆಸರನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡಳು. ಆಮೇಲೆ ಗರಿ ಎತ್ತಿಕೊಂಡಳು.